ಸಿದ್ದಲಿಂಗಮ್ಮನವರ ಎಡಗೈ ಬಲಗೈ

ಸಿದ್ದಲಿಂಗಮ್ಮನವರಿಗೆ ಹಾವು ಕಂಡರೆ ಹೆದರಿಕೆಯಿರಲಿಲ್ಲ. ಹೊಲಗದ್ದೆಯಲ್ಲಿ ಬೆಳೆದ ಹೆಂಗಸು. ಹೆದರುತ್ತಿದ್ದದ್ದು ಸ್ಕೂಲ್ ಇನ್ಸ್‌ಪೆಕ್ಟರ್ ಸಾಹೇಬರ ಬೂಟಿನ ಸದ್ದಿಗೆ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿ ಅತ್ತಿಗೆಯ ಮಾತು ಕೇಳಿಕೊಂಡು ಉಂಡು, ಹಟಕ್ಕೆ ಬಿದ್ದು ಓದಿ, ಅಗ್ರಹಾರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡಲು ಸೇರಿದ್ದರು. ಕೆಲಸ ಇನ್ನೂ ಟೆಂಪೊರರಿ. ಇನ್ಸ್‌ಪೆಕ್ಟರು ಒಳ್ಳೆಯ ಷರಾ ಬರೆದರೆ ಖಾಯಂ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಮತ್ತೆ ಅದೇ ಅತ್ತಿಗೆಯ ಅಡುಗೆಮನೆ.

ಅದಕ್ಕೇ ಆ ಕಾಲದ ಮೇಷ್ಟರುಗಳು ಮಾಡುತ್ತಿದ್ದ ಉಪಾಯವನ್ನು ಇವರೂ ಮಾಡಿದರು. ಸಾಹೇಬರ ಮುಂದೆ ಪ್ರಶ್ನೆ ಕೇಳಿದರೆ ಮಕ್ಕಳೆಲ್ಲರೂ ಕೈ ಎತ್ತಬೇಕು ಎಂದು ಮೊದಲೇ ಹೇಳಿಟ್ಟರು. ಉತ್ತರ ಬರುವವರು ಬಲಗೈ, ಬರದವರು ಎಡಗೈ. ಬಲಗೈಯವರನ್ನು ಎಬ್ಬಿಸಿದರಾಯಿತು.

ಐವತ್ತಾರನೇ ಇಸವಿಯ ಒಂದು ಬೆಳಿಗ್ಗೆ ಇನ್ಸ್‌ಪೆಕ್ಟರ್ ಅಂತೋಣಿಸ್ವಾಮಿಯವರು ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಅಂದಿನ ಇಂಗ್ಲಿಷ್ ಪಾಠ ಹೀಗಿತ್ತು: 'ಅವಳಿಗೆ ಈಗ ಕಾಯಿಲೆ ಇದ್ದಂತಿದೆ' ಎನ್ನಲು 'ಶಿ ಸೀಮ್ಸ್ ಟು ಬಿ ಇಲ್'. ಕಾಯಿಲೆ ಮೊದಲೇ ಬಂದು ಹೋಗಿದ್ದರೆ 'ಟು ಹ್ಯಾವ್ ಬೀನ್ ಇಲ್'. ಸಿದ್ದಲಿಂಗಮ್ಮ ಹೇಳಿ ಮುಗಿಸಿ, ಯಾವಾಗ ಯಾವುದು ಎಂದು ಕೇಳಿದರು. ಕೈಗಳೆಲ್ಲ ಮೇಲೆದ್ದವು.

ಎದುರು ನಿಂತವರಿಗೆ ಮಕ್ಕಳ ಬಲಗೈ ತಮ್ಮ ಎಡಕ್ಕೆ ಕಾಣುತ್ತದೆ. ಬೇರೆ ದಿನವಾಗಿದ್ದರೆ ಇದು ಅವರಿಗೆ ಹೊಳೆಯುತ್ತಿತ್ತು. ಅಂದು ಭಯಕ್ಕೆ ತಲೆಯೇ ಓಡಲಿಲ್ಲ. ತಮ್ಮ ಬಲಕ್ಕೆ ಕಂಡ ಕೈಯನ್ನೇ ಬಲಗೈ ಎಂದುಕೊಂಡು ಚೆಲುವಮ್ಮನನ್ನು ಎಬ್ಬಿಸಿದರು. ಅವಳು ಎತ್ತಿದ್ದದ್ದು ಎಡಗೈ! ಹುಡುಗಿ ಕಕ್ಕಾಬಿಕ್ಕಿಯಾಗಿ ನಿಂತಳು. ಗಾಬರಿಯಲ್ಲಿ ಗ್ರೇಸಿಯನ್ನು ಕರೆದರು. ಅವಳದೂ ಎಡಗೈಯೇ. ಕೆಟ್ಟೆ ಎಂದುಕೊಂಡರು ಸಿದ್ದಲಿಂಗಮ್ಮ.

ಸಾಹೇಬರು ಚೆಲುವಮ್ಮನ ಕಡೆ ತಿರುಗಿದರು. "ಗೊತ್ತಿಲ್ದೆ ಕೈ ಯಾಕಮ್ಮ ಎತ್ತಿದೆ? ಅರ್ಥ ಆಗ್ದಿದ್ರೆ ಮಿಸ್ಸನ್ನೇ ಕೇಳ್ಬೋದಿತ್ತಲ್ಲ?"

ಚೆಲುವಮ್ಮ ಗಳಗಳನೆ ಅತ್ತಳು. "ಕೇಳ್ಬಾರ್ದು ಸಾರ್. ಕೇಳಿದ್ರೆ ನಮ್ ಮಿಸ್ ಕೆಲಸ ಹೋಗ್ಬುಡುತ್ತೆ."

ಆ ಮಾತನ್ನು ಸಿದ್ದಲಿಂಗಮ್ಮ ಮಕ್ಕಳ ಮುಂದೆ ಎಂದೂ ಆಡಿದವರಲ್ಲ. ಇಷ್ಟು ದಿನ ಇಂಗ್ಲಿಷಿಗಿಂತ ಚೆನ್ನಾಗಿ ತಾವು ಕಲಿಸಿದ್ದು ಹೆದರಿಕೆಯನ್ನೇ ಎಂದು ಅವರಿಗೆ ಆಗ ತಿಳಿಯಿತು.

"ಅದೇನ್ ಕೇಳ್ಬೇಕೂಂತಿದ್ದೆಯೋ ಈಗ ಕೇಳಮ್ಮ," ಎಂದರು ಸಿದ್ದಲಿಂಗಮ್ಮ.

ಹುಡುಗಿ ಕಣ್ಣೊರೆಸಿಕೊಂಡಳು. "ಹೋಗ್ಬೇಕೂಂತ ಆಸೆ ಇತ್ತು, ಹೋಗ್ಲೇ ಇಲ್ಲ. ಆ ಹೋಗೋದು ಈಗಿಂದೂ ಅಲ್ಲ, ಮುಂಚೆ ಆಗಿದ್ದೂ ಅಲ್ಲ. ಅದಕ್ಕೆ 'ಟು ಗೋ' ಹಾಕ್ಬೇಕಾ, 'ಟು ಹ್ಯಾವ್ ಗಾನ್' ಹಾಕ್ಬೇಕಾ ಮಿಸ್?"

ಸಾಹೇಬರು ಪೆನ್ನಿನ ಕ್ಯಾಪು ತೆಗೆದರು. ಏನಾದರೊಂದು ಹೇಳಿ ತೇಲಿಸಿಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಸಿದ್ದಲಿಂಗಮ್ಮ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡರು.

"ನಂಗೂ ಗೊತ್ತಿಲ್ಲ ಕಣಮ್ಮ. ತಿಳ್ಕೊಂಡ್ ಬಂದು ನಾಳೆ ಹೇಳ್ತೀನಿ."

ಹಿಂದಿನ ಬೆಂಚಿನಲ್ಲಿ ಪೆನ್ನು ಓಡತೊಡಗಿತು. ಅವರು ಆ ಕಡೆ ನೋಡಲಿಲ್ಲ.

"ಇನ್ಯಾರಿಗೆ ಏನು ಅರ್ಥ ಆಗಿಲ್ಲ, ಕೇಳ್ರಮ್ಮ," ಎಂದರು. ದನಿ ಇನ್ನೂ ನಡುಗುತ್ತಲೇ ಇತ್ತು.