ಡಿ ಡ್ರೈವಿನಲ್ಲಿಟ್ಟ ಹಾಡುಗಳು

ಆ ಭಾನುವಾರ ತೆಲುಗು ಸೀಮೆಯ ಪೆಂಡುರ್ತಿಯ ನಮ್ಮ ಮನೆಯಲ್ಲಿ ನನ್ನ ಹೆಂಡತಿ ಕಂಪ್ಯೂಟರಿನ ಮುಂದೆ ಕೂತು ಆರತಿ ಹಾಡು ಹೇಳುತ್ತಿದ್ದಳು. ದಾವಣಗೆರೆ ಕಡೆಯ ಅವಳ ಅಜ್ಜಿ ಮದುವೆಗಳಲ್ಲಿ ಹೇಳುತ್ತಿದ್ದ ಹಾಡುಗಳು ಅವು. ಅಜ್ಜಿ ಹೋದ ಮೇಲೆ ಪೂರ್ತಿ ಬರುತ್ತಿದ್ದದ್ದು ಇವಳೊಬ್ಬಳಿಗೇ. ನಮ್ಮ ಮಗಳ ಬಾಯಿಗೆ ತೆಲುಗೇ ಮೊದಲು ಬರುತ್ತಿತ್ತು. ಅವಳಿಗೆಂದೇ ಹೆಂಡತಿ ಇವನ್ನು ಮೈಕಿನಲ್ಲಿ ಹೇಳಿ ರೆಕಾರ್ಡ್ ಮಾಡಿ ಇಡುತ್ತಿದ್ದಳು.

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು.

"ಅಮ್ಮಾ, ಕುಕ್ಕರು ನಿನಗಿಂತ ಬಾಗಾ ಹಾಡುತ್ತೆ," ಎಂದಳು ಮಗಳು.

"ಹಂಗಾದ್ರೆ ನಿನ್ನ ಮದುವೇಲಿ ಅದನ್ನೇ ಕೂರ್ಸು. ರೀ, ಸ್ವಲ್ಪ ಗ್ಯಾಸ್ ಆರಿಸ್ರಿ."

ಹಾಡು ಮುಗಿಸಿ ಅದನ್ನು ಡಿ ಡ್ರೈವಿನಲ್ಲಿಟ್ಟಳು. ಇನ್ನೊಂದು ಪ್ರತಿಯನ್ನು ಇ ಡ್ರೈವಿಗೆ ಹಾಕಿದಳು. ವಿಂಡೋಸ್ ಕೆಟ್ಟರೆ ಸಿ ಡ್ರೈವು ಮಾತ್ರ ಅಳಿಸಿಹೋಗುತ್ತದೆ, ಬೇಕಾದ್ದನ್ನು ಅದರಲ್ಲಿಡಬೇಡಿ ಎಂದು ಕಂಪ್ಯೂಟರ್ ಜೋಡಿಸಿಕೊಟ್ಟವನು ಹೇಳಿದ್ದ. ನಮಗೆ ಗೊತ್ತಿದ್ದವರೆಲ್ಲ ಹಾಗೇ ಮಾಡುತ್ತಿದ್ದರು.

"ಎರಡು ಕಡೆ ಐತೆ. ಇನ್ನು ಹೆದರಿಕೆ ಇಲ್ಲ," ಎಂದಳು.

ಸಂಜೆ ನಾನು ವಿಜಯವಾಡದ ರೈಲು ಹತ್ತಿದೆ. ಬ್ಯಾಂಕಿನವರು ನನ್ನನ್ನು ಅಲ್ಲಿಗೆ ವರ್ಗ ಮಾಡಿದ್ದರು. ಮಾರನೆಯ ದಿನ ಶಾಖೆಗೆ ಫೋನು ಬಂತು. ಹೆಂಡತಿಯ ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ನಾನು ವಾಪಸು ತಲುಪುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಮಗಳನ್ನು ವಿಜಯವಾಡಕ್ಕೆ ಕರೆತಂದೆ. ಸಾಮಾನು ಲಾರಿಯಲ್ಲಿ ಬಂತು. ಆ ದನಿ ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲವಾದ್ದರಿಂದ ಕಂಪ್ಯೂಟರ್ ಪೆಟ್ಟಿಗೆಯಲ್ಲೇ ಉಳಿಯಿತು. ವರ್ಷದ ತಿಥಿ ಮುಗಿದ ಮೇಲೆ ಮಗಳೇ ಅದನ್ನು ಹೊರಗೆ ತೆಗೆದು ಸ್ವಿಚ್ಚು ಹಾಕಿದಳು. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು ಬಂತು: ಡಿಸ್ಕ್ ಸಿಗುತ್ತಿಲ್ಲ. ಒಳಗಿನಿಂದ ಟಕ್, ಟಕ್ ಎಂಬ ಸದ್ದು.

ಮುಚ್ಚಳ ಬಿಚ್ಚಿ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದೆ. ಬೇರೆ ಕೇಬಲ್ ತಂದು ನೋಡಿದೆ. ವಿಂಡೋಸ್ ಸಿ.ಡಿ. ಹಾಕಿದಾಗ ಕಂಪ್ಯೂಟರ್ ಶುರುವಾಯಿತು, ಆದರೆ ಅದಕ್ಕೂ ಡಿಸ್ಕ್ ಕಾಣಲಿಲ್ಲ. ಹೋದದ್ದು ಸಿ ಇರಬೇಕು, ಡಿ ಮತ್ತು ಇ ಇವೆಯಲ್ಲ ಎಂದು ಮಗಳಿಗೆ ಹೇಳಿದೆ.

ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಗವರ್ನರ್‌ಪೇಟೆಯ ಒಂದು ಅಂಗಡಿಗೆ ಹೋದೆವು. ಅಂಗಡಿಯವನು ಅದನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ, ಕಿವಿ ಹತ್ತಿರ ತಂದು ಸದ್ದು ಕೇಳಿದ.

"ಪೋಯಿಂದಿ ಸಾರ್."

ಹೋಯಿತು ಎಂದದ್ದು. ಸಿ ಹೋದರೆ ಹೋಗಲಿ, ಡಿ ತೆಗೆದುಕೊಡಿ, ಅದೂ ಆಗದಿದ್ದರೆ ಇ ಎಂದು ನನಗೆ ಬರುವ ತೆಲುಗಿನಲ್ಲಿ ಕೇಳಿದೆ. ಅವನು ಡಿಸ್ಕನ್ನು ಬೆರಳಿನಿಂದ ತಟ್ಟಿ ತೋರಿಸಿದ.

"ಅನ್ನೀ ಇಂದುಲೋನೇ ಕದಂಡೀ."

ಎಲ್ಲವೂ ಇದರಲ್ಲೇ ಅಲ್ಲವೇ. ಇರುವುದು ಒಂದೇ ಡಿಸ್ಕು, ಅದನ್ನೇ ಮೂರು ಭಾಗ ಮಾಡಿ ಮೂರು ಹೆಸರಿಟ್ಟಿರುತ್ತಾರೆ ಎಂದು ಬಿಡಿಸಿ ಹೇಳಿದ.

"ಮತ್ತೆ ಅಮ್ಮ ಎರಡು ಕಡೆ ಇಟ್ಟಿದ್ದು?" ಎಂದಳು ಮಗಳು. ಅವನಿಗೆ ಕನ್ನಡ ತಿಳಿಯಲಿಲ್ಲ. ನಾನು ಟವೆಲು ಮಡಚುತ್ತಾ ನಿಂತೆ.

ಕೆಟ್ಟ ಡಿಸ್ಕಿನಿಂದ ಫೈಲು ತೆಗೆಯುವವರ ಹತ್ತಿರ ಡಿಸ್ಕ್ ಚೆನ್ನೈಗೆ ಹೋಗಿ ಹಾಗೇ ವಾಪಸು ಬಂತು. ಹೆಂಡತಿಯ ತೌರಿನವರನ್ನು ಕೇಳಿದೆ. ಒಬ್ಬೊಬ್ಬರಿಗೆ ಒಂದೆರಡು ಸಾಲು ನೆನಪಿದೆ. ಮಗಳಿಗೆ ಒಂದು ಹಾಡಿನ ಪಲ್ಲವಿ ಬರುತ್ತದೆ, ಮುಂದಿನದು ಬರುವುದಿಲ್ಲ. ಅವಳ ಅಮ್ಮನ ದನಿ ನಮ್ಮಲ್ಲಿ ಎಲ್ಲೂ ಇಲ್ಲ.