ಪ್ರಾರ್ಥನೆಯ ಹೊತ್ತಿಗೆ ಹೇಳಬೇಕಾಗಿದ್ದ ಮಾತು

ಮಗಳನ್ನು ಪೊಲೀಸರು ಠಾಣೆಗೆ ಕರೆದೊಯ್ದದ್ದಕ್ಕಿಂತ, ಖಾಕಿ ತೊಟ್ಟು ತರಗತಿಯ ಬಾಗಿಲಿಗೇ ಬಂದು ಹೆಸರು ಹಿಡಿದು ಕೂಗಿದರಲ್ಲ, ಆ ಸಿಟ್ಟು ನೀರಮಾನ್ವಿಯ ಕನಕಪ್ಪನಿಗೆ ಇವತ್ತಿಗೂ ಆರಿಲ್ಲ.

ಮೂರನೇ ಇಯತ್ತೆಗೇ ಶಾಲೆ ಬಿಟ್ಟು ಕುರಿ ಹಿಂದೆ ಹೋದವನು ಅವನು. ಮೂಗಿನ ತುದಿಯಲ್ಲೇ ಕೋಪ. ಸಂತೆಯಲ್ಲಿ ಮುದಿ ಕುರಿಯನ್ನು ಹರೆಯದ್ದೆಂದು ಮಾರಲು ಬಂದ ದಲ್ಲಾಳಿಯ ಟೋಪಿ ಕಿತ್ತು ಆಡಿನ ಬಾಯಿಗೆ ಕೊಟ್ಟಿದ್ದನ್ನು ಊರವರು ಈಗಲೂ ಹೇಳಿಕೊಂಡು ನಗುತ್ತಾರೆ. ಆದರೆ ಮಗಳು ದೇವಿಕಾಳ ಮುಂದೆ ಮಾತ್ರ ಅವನ ದನಿ ಏರುತ್ತಿರಲಿಲ್ಲ. ಆ ಮನೆತನದಲ್ಲಿ ಹತ್ತನೇ ತರಗತಿಯ ಮುಖ ಕಂಡವಳು ಅವಳೊಬ್ಬಳೇ.

ಆ ವರ್ಷ ದಸರೆ ರಜೆ ಮುಗಿದ ಮೇಲೆ, ಮಾನ್ವಿಯ ಶಾಲೆಯಲ್ಲಿ ಕಿಟಕಿ ಪಕ್ಕದ ಜಾಗಕ್ಕಾಗಿ ದೇವಿಕಾಳಿಗೂ ಹುಲಗಪ್ಪನ ಮಗಳು ಮಂಜುಳಾಳಿಗೂ ಜಗಳವಾಯಿತು. ನೂಕಾಟದಲ್ಲಿ ಮಂಜುಳಾ ಬಿದ್ದು ತುಟಿ ಒಡೆದುಕೊಂಡಳು. ಯಾರು ಮೊದಲು ನೂಕಿದರೋ ಯಾರಿಗೂ ಗೊತ್ತಿಲ್ಲ. ರಕ್ತ ಕಂಡು ಗಾಬರಿಯಾದ ಹೆಡ್‌ಮಾಸ್ತರು ಠಾಣೆಗೆ ಫೋನು ಮಾಡಿದರು. ಪೊಲೀಸರು ದೇವಿಕಾಳನ್ನು ಸಂಜೆಯವರೆಗೆ ಠಾಣೆಯಲ್ಲಿ ಕೂಡಿಸಿ, 'ನಾನೇ ಹೊಡೆದೆ' ಎಂದು ಬರೆದ ಹಾಳೆಗೆ ಸಹಿ ಮಾಡಿಸಿಕೊಂಡು ಬಿಟ್ಟರು.

ಮರುದಿನ ಕನಕಪ್ಪ ಹೊಸ ಕಂಬಳಿಯೊಂದನ್ನು ಹೆಗಲಿಗೆ ಹಾಕಿಕೊಂಡು ಹುಲಗಪ್ಪನ ಮನೆಗೆ ಹೋದ. ಅವನ ಓಣಿಯ ರೀತಿಯೇ ಹಾಗೆ. ತಪ್ಪು ಯಾರದೇ ಇರಲಿ, ಗಾಯವಾದ ಮನೆಯ ಯಜಮಾನನಿಗೆ ಇನ್ನೊಂದು ಮನೆಯವರು ಕಂಬಳಿ ಹೊದಿಸಿ ಬರಬೇಕು. ಅಲ್ಲಿಗೆ ಜಗಳ ಮುಗಿದಂತೆ.

"ಹುಡುಗೂರ ಜಗಳ, ಬಿಡೋ ಕನಕಪ್ಪ," ಎಂದು ಹುಲಗಪ್ಪ ಚಹಾ ಕೊಡಿಸಿದ. "ಇದನ್ನ ಹೊದ್ಕೊಂಡು ಮಲಗಿದ್ರ ನನ್ನ ಹೇಣ್ತಿ ಕುರಿ ಒಳಗ ಬಂದದ ಅಂತ ಹೊರಗ ಅಟ್ಟತಾಳ ನೋಡು."

ಆದರೆ ಠಾಣೆಯವರು ಕಂಬಳಿಯ ಸುದ್ದಿ ಕೇಳಿ, ಅಪ್ಪನೇ ತಪ್ಪು ಒಪ್ಪಿಕೊಂಡು ಪರಿಹಾರ ಕೊಟ್ಟಿದ್ದಾನೆ ಎಂದು ಬರೆದು ಎಫ್‌ಐಆರ್ ಹಾಕಿದರು. ಕೇಸು ಮುಗಿಯುವವರೆಗೆ ಶಾಲೆಗೆ ಬರಬೇಡವೆಂದರು ಹೆಡ್‌ಮಾಸ್ತರು.

"ಎಲ್ಲಾ ಕಡಿ ಹಾರಾಡತಿ, ಕೈ ಎತ್ತತಿ," ಎಂದಳು ಹೆಂಡತಿ ಭೀಮವ್ವ. "ಒಂದು ದಿನ ತಣ್ಣಗ ನಡಕೊಂಡಿ, ಅದೂ ಮಗಳ ಕೊರಳಿಗೇ ಬಂತು."

ಕನಕಪ್ಪ ಉಣ್ಣದೆ ಎದ್ದು ಹೋದ.

ರಾಯಚೂರಿನ ಬಾಲನ್ಯಾಯ ಮಂಡಳಿಗೆ ಅಪ್ಪ ಮಗಳು ಅಲೆದರು. ಅಷ್ಟರಲ್ಲಿ ಹತ್ತನೇ ತರಗತಿಯ ಪರೀಕ್ಷೆಯೂ ಅವಳಿಲ್ಲದೇ ಮುಗಿದು ಹೋಯಿತು. ಕೊನೆಗೆ ಮ್ಯಾಜಿಸ್ಟ್ರೇಟ್ ಅಮ್ಮ ಪೊಲೀಸರ ಕಡೆ ತಿರುಗಿ, "ಮಕ್ಕಳ ಇಂಥ ಸಣ್ಣ ಜಗಳಕ್ಕೆ ಎಫ್‌ಐಆರ್ ಹಾಕುವಂತಿಲ್ಲ. ಸಮವಸ್ತ್ರದಲ್ಲಿ ಹೋಗಿ ಮಗುವನ್ನು ಕರೆತರುವಂತಿಲ್ಲ. ಹಾಳೆಗೆ ಸಹಿ ಮಾಡಿಸುವಂತಿಲ್ಲ. ಅಪ್ಪ ಹೊದಿಸಿದ ಕಂಬಳಿ ಮಗಳ ತಪ್ಪೊಪ್ಪಿಗೆ ಹೇಗಾಗುತ್ತದೆ?" ಎಂದು ಕೇಳಿದರು. ಪ್ರಕರಣ ಕೈಬಿಟ್ಟು, ಹುಡುಗಿಯನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳಲು ಹೇಳಿದರು.

ಹೊರಗೆ ಬಂದರೂ ದೇವಿಕಾ ತಲೆ ಎತ್ತಲಿಲ್ಲ. "ನಾ ಹೋಗಂಗಿಲ್ಲ ಯಪ್ಪಾ. ಈಗೇ ಓಣ್ಯಾಗ ಠಾಣೆವ್ವ ಬಂದ್ಲು ಅಂತಾರ. ಹೆಡ್‌ಮಾಸ್ತರು ಪ್ರಾರ್ಥನಿ ಹೊತ್ನ್ಯಾಗ ಎಲ್ಲಾರ ಮುಂದ, ಈಕಿದು ತಪ್ಪಿಲ್ಲ ಅಂದ್ರ ಹೋಗ್ತೀನಿ."

"ಶಾಲಿ ಚಾಲೂ ಆದ ದಿನಾನೇ ಹೇಳ್ತೀನವ್ವ," ಎಂದರು ಅಲ್ಲೇ ನಿಂತಿದ್ದ ಹೆಡ್‌ಮಾಸ್ತರು.

ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಮೊದಲೇ ಅವರಿಗೆ ದೇವದುರ್ಗಕ್ಕೆ ವರ್ಗವಾಯಿತು. ಹೊಸಬರು, ತಾವು ಕಾಣದ ಸಂಗತಿಯ ಬಗ್ಗೆ ಮಾತಾಡುವುದಿಲ್ಲವೆಂದರು. ಕನಕಪ್ಪ ದೇವದುರ್ಗದ ಬಸ್ಸು ಹತ್ತಿದ.

"ಒಂದ್ಸಲ ಬಂದು ಹೇಳಿ ಹೋಗ್ರಿ ಸರ. ನಾನೇ ಗಾಡಿ ಮಾಡ್ಕೊಂಡು ಕರ್ಕೊಂಡು ಹೋಗ್ತೀನಿ."

"ಈಗ ಅದು ನನ್ನ ಶಾಲಿ ಅಲ್ರೀ," ಎಂದರು ಹೆಡ್‌ಮಾಸ್ತರು. "ಕೇಸು ಹೋತಲ್ಲ, ಇನ್ನೇನು ಬೇಕು?"

ಕನಕಪ್ಪನ ಮುಷ್ಟಿ ಬಿಗಿಯಿತು. ಕಿಟಕಿಗಳಲ್ಲಿ ಮಕ್ಕಳ ಮುಖಗಳು ಕಂಡವು. ತಾನು ಇಲ್ಲಿ ಕೂಗಾಡಿದರೆ ಠಾಣೆಗೆ ಇನ್ನೊಂದು ಫೋನು ಹೋಗುತ್ತದೆ, ಮಗಳ ಹೆಸರು ಮತ್ತೆ ಊರವರ ಬಾಯಿಗೆ ಬೀಳುತ್ತದೆ. ಹುಟ್ಟಿದ ಮೇಲೆ ಮೊದಲ ಸಲ ಕೋಪವನ್ನು ನುಂಗಿಕೊಂಡು ಹೊರಗೆ ಬಂದ.

ದೇವಿಕಾ ಈಗ ತಾಯಿಯ ಜೊತೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾಳೆ. ಶಾಲೆಯ ಮಾತು ಯಾರೂ ಎತ್ತುವುದಿಲ್ಲ. ಹೆಡ್‌ಮಾಸ್ತರು ಹೇಳಬೇಕಾಗಿದ್ದ ಆ ಒಂದು ಮಾತು ಹಾಗೇ ಬಾಕಿ ಉಳಿದಿದೆ.