ಗೂಳಿ ತಾಯಿಯಾದದ್ದು

ಬಸ್ಸಿನಲ್ಲಿ "ರೈಟ್, ರೈಟ್" ಎಂದು ಕೂಗಿ ಕೂಗಿ ಆ ಕಂಡಕ್ಟರಮ್ಮನಿಗೆ ರೈಟಕ್ಕ ಎಂಬ ಹೆಸರೇ ಅಂಟಿತ್ತು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರುವುದೆಂದರೆ ಮುಳ್ಳಿನ ಮೇಲೆ ಕೂತಂತೆ. ಊಟಕ್ಕೆ ಬಂದ ಗಂಡನಿಗೂ "ಮುಂದೆ ಹೋಗಿ, ಮುಂದೆ ಹೋಗಿ" ಎನ್ನುತ್ತಿದ್ದಳು. ಅವನೇ ಕೈಮುಗಿದು, "ನಿನಗೆ ಪುಣ್ಯ ಬರುತ್ತೆ, ಹೊರಗೆ ಏನಾದ್ರೂ ಮಾಡು" ಎಂದ.

ಹೊರಗೆ ಕೆಲಸಕ್ಕೇನು ಬರ? ಮೇಲಿನ ಬೀದಿಯ ಹುಡುಗರಿಗೂ ಕೆಳಗಿನ ಬೀದಿಯವರಿಗೂ ಎಣ್ಣೆ ಸೀಗೆಕಾಯಿ. ಈಚೆಗಷ್ಟೇ ಒಬ್ಬನ ತೋಳಿಗೆ ಚಾಕು ಬಿದ್ದಿತ್ತು. ಟಿಕೆಟ್ಟಿಲ್ಲದೆ ಸೀಟಿನಡಿ ಅವಿತಿದ್ದ ಆ ಹುಡುಗರನ್ನೆಲ್ಲ ಒಂದು ಕಾಲದಲ್ಲಿ ಕಿವಿ ಹಿಡಿದು ಎಳೆದವಳೇ ಅವಳು. ಡಿಪೋದವರನ್ನು ಕಾಡಿಬೇಡಿ ಖಾಲಿ ಶೆಡ್ಡೊಂದನ್ನು ನಾಟಕಕ್ಕೆಂದು ಪಡೆದಳು. ಮೇಲಿನವರ ಹತ್ತಿರ ಹೋಗಿ, "ನಾಲ್ಕು ಜನರ ಎದುರು ಬಾಯಿ ಬಿಡೋ ಧೈರ್ಯ ನಿಮಗಿಲ್ವಂತೆ, ಕೆಳಗಿನೋರು ಹೇಳ್ತಿದ್ರು" ಎಂದಳು. ಕೆಳಗಿನವರಿಗೆ ಅದೇ ಸುಳ್ಳನ್ನು ಮಗುಚಿ ಹಾಕಿದಳು. ಮರುದಿನವೇ ಎರಡೂ ಪಡೆ ಹಾಜರ್!

ಕಥೆ ಸರಳ: ದಾರಿಯಲ್ಲಿ ಚಾಕುವಿಗೆ ಬಲಿಯಾಗುವ ಹುಡುಗ, ಮನೆಯಲ್ಲಿ ಕಾಯುವ ತಾಯಿ. ಹುಡುಗನ ಪಾತ್ರ ಕೆಳಗಿನ ಬೀದಿಯ ನಾಯಕ ಮುಂಗುಸಿಗೆ. ತಾಯಿಯ ಪಾತ್ರವನ್ನು ಮೇಲಿನ ಬೀದಿಯ ನಾಯಕ, ದಪ್ಪಮೀಸೆಯ ಗೂಳಿಗೆ ಕೊಟ್ಟು ರೈಟಕ್ಕ ಏನೂ ಅರಿಯದವಳಂತೆ ಕೂತಳು.

"ನಾನು ಇವನ ತಾಯಿನಾ?" ಗೂಳಿ ಗುಟುರು ಹಾಕಿದ.

"ಆಗಲ್ಲ ಅಂತೀಯಾ? ಹಂಗಾದ್ರೆ ಅವರು ಹೇಳಿದ್ದೇ ನಿಜ."

ಗೂಳಿ ಮೀಸೆ ಕೆರೆದುಕೊಂಡ. "ತಾಯಂದಿರು ಹೆಂಗೆ ಅಳ್ತಾರೋ ನಂಗೇನು ಗೊತ್ತು?"

"ಇವನಮ್ಮಂದು ಇಸ್ತ್ರಿ ಅಂಗಡಿ ಇದೆಯಲ್ಲ, ಹೋಗಿ ಕಲ್ತುಕೊಂಡು ಬಾ."

ಮುಂಗುಸಿಯ ಅಮ್ಮ ಗೂಳಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬೆಡ್‌ಶೀಟಿನ ಎರಡು ತುದಿ ಅವನ ಕೈಗಿಟ್ಟಳು. ಮಡಚಿಸುತ್ತಲೇ ಹೇಳಿದಳು: "ಅಳೋಕೆ ಪುರುಸೊತ್ತು ಎಲ್ಲಿದೆಯಪ್ಪಾ? ಅವನು ಬರೋದು ತಡ ಆದ್ರೆ ಕಸದ ಬುಟ್ಟಿ ಹಿಡ್ಕೊಂಡು ಬೀದಿ ತುದಿಗೆ ಹೋಗ್ತೀನಿ. ಖಾಲಿ ಬುಟ್ಟಿನೇ. ಕಾಯ್ತಿದೀನಿ ಅಂತ ಗೊತ್ತಾದ್ರೆ ಅವನಿಗೆ ಕೊಬ್ಬು ಜಾಸ್ತಿ ಆಗುತ್ತೆ. ನಿಮ್ಮಮ್ಮ ಏನು ಹಿಡ್ಕೊಂಡು ಹೋಗ್ತಾಳೆ?"

ಗೂಳಿಗೆ ಗೊತ್ತಿರಲಿಲ್ಲ. ಆ ಸಂಜೆ ಅವನು ನೆಟ್ಟಗೆ ಮನೆಗೆ ಬಂದನೆಂದು, "ಜ್ವರ ಏನಾದ್ರೂ ಬಂದಿದೆಯೋ ಏನೋ" ಎಂದು, ಅವನ ತಾಯಿಯೇ ಬಂದು ರೈಟಕ್ಕನನ್ನು ವಿಚಾರಿಸಿದಳು.

ನಾಟಕದ ದಿನ ಗೂಳಿ, ಯಾರೂ ಹೇಳದಿದ್ದರೂ, ಮೀಸೆ ಬೋಳಿಸಿಕೊಂಡು ಬಂದ. ತಲೆಗೆ ಬಟ್ಟೆ ಕಟ್ಟಿ, ಖಾಲಿ ಬುಟ್ಟಿ ಹಿಡಿದು ರಂಗದ ತುದಿಗೆ ಹೋದ, ಬಂದ. ಜನ ಹೊಟ್ಟೆ ಹಿಡಿದು ನಕ್ಕರು. ಮತ್ತೆ ಹೋಗಿ ಅಲ್ಲೇ ನಿಂತುಬಿಟ್ಟಾಗ ನಗು ಎಲ್ಲಿ ಅಡಗಿತೋ. ಹೆಣವಾಗಿ ಬಿದ್ದಿರಬೇಕಿದ್ದ ಮುಂಗುಸಿ ಕತ್ತೆತ್ತಿ, ಮುಂದಿನ ಸಾಲಿನಲ್ಲಿದ್ದ ತನ್ನ ಅಮ್ಮನನ್ನೇ ನೋಡತೊಡಗಿದ.

"ಸತ್ತಿದ್ದೀಯ, ಬಿದ್ಕೊಳೋ!" ಪರದೆಯ ಹಿಂದಿನಿಂದ ರೈಟಕ್ಕ ಗದರಿದ್ದು ಕೊನೆಯ ಸಾಲಿಗೂ ಕೇಳಿಸಿತು. ಅವಳ ಕಣ್ಣು ಒದ್ದೆಯಾಗಿದ್ದು ಮಾತ್ರ ಯಾರಿಗೂ ಕಾಣಲಿಲ್ಲ.

ಎರಡು ಬೀದಿಗಳು ಹಾಲುಜೇನಾದವು ಎಂದರೆ ಸುಳ್ಳಾದೀತು. ಚಾಕು ಹೊರಬಂದಿಲ್ಲ, ಅಷ್ಟೇ. ಮುಂದಿನ ನಾಟಕದಲ್ಲಿ ತಾಯಿ ಯಾರಾಗಬೇಕೆಂದು ಶೆಡ್ಡಿನಲ್ಲಿ ಗೂಳಿಗೂ ಮುಂಗುಸಿಗೂ ದಿನಾ ಜಟಾಪಟಿ. ರೈಟಕ್ಕ ಬಿಡಿಸಲು ಹೋಗುವುದಿಲ್ಲ; ಇಬ್ಬರಿಗೂ ಗುಟ್ಟಾಗಿ "ನೀನೇ" ಎಂದು ಹೇಳಿ ಇಟ್ಟಿದ್ದಾಳೆ.